ರಾಜ್ಯಶಾಸ್ತ್ರದ ಮೇಷ್ಟ್ರು ಹೆರಾಲ್ಡ್ ಲಾಸ್ಕಿ

ನಾವೆಲ್ಲ ಶಾಲೆಯಲ್ಲಿ ಪೌರನೀತಿ ಓದಿದವರೇ. ಹಕ್ಕು, ಕರ್ತವ್ಯ, ಸರ್ಕಾರದ ಅಂಗಗಳು ಎಂದು ಬಾಯಿಪಾಠ ಮಾಡಿ ಅಂಕವನ್ನೂ ಪಡೆದೆವು. ಆ ವಿಷಯವನ್ನೇ ಜೀವನವಿಡೀ ಕಲಿಸಿದ, ಕಲಿಸಿದಂತೆ ನಡೆಯಲು ಹೋಗಿ ಪೆಟ್ಟು ತಿಂದ ಅಧ್ಯಾಪಕರೊಬ್ಬರನ್ನು ಶಾಲೆಯ ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನೆನೆಯುವುದು ಉಚಿತವೆನಿಸುತ್ತದೆ. ಅವರೇ ಪ್ರೊ. ಹೆರಾಲ್ಡ್ ಲಾಸ್ಕಿ.

ಲಾಸ್ಕಿ ಹುಟ್ಟಿದ್ದು 1893ರ ಜೂನ್ 30ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ. ತಂದೆ ಹತ್ತಿ ವ್ಯಾಪಾರಿ, ಯಹೂದಿ ಮನೆತನ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ 1914ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಅದೇ ವರ್ಷ ಮಹಾಯುದ್ಧ ಆರಂಭವಾಯಿತು. ಸೈನ್ಯ ಸೇರಲು ಹೋದರೆ ಆರೋಗ್ಯ ಸಾಲದೆಂದು ಹಿಂದಕ್ಕೆ ಕಳಿಸಿದರು. ಆಗ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾದರು. ಎರಡು ವರ್ಷಗಳ ನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು.

1919ರಲ್ಲಿ ಹಾರ್ವರ್ಡಿನ ನೆರೆಯ ಬಾಸ್ಟನ್ ನಗರದ ಪೊಲೀಸರು ಸಂಘ ಕಟ್ಟಿಕೊಳ್ಳುವ ಹಕ್ಕಿಗಾಗಿ ಮುಷ್ಕರ ಹೂಡಿದರು. ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಲಾಸ್ಕಿ ಬಹಿರಂಗವಾಗಿ ಆ ಪೊಲೀಸರ ಪರ ಮಾತನಾಡಿದರು. ಅವರನ್ನು ತೆಗೆದುಹಾಕಬೇಕೆಂದು ಹಳೆಯ ವಿದ್ಯಾರ್ಥಿಗಳಿಂದಲೇ ಒತ್ತಾಯ ಬಂತು. ವಿದ್ಯಾರ್ಥಿಗಳ ಹಾಸ್ಯಪತ್ರಿಕೆಯೊಂದು ಇಡೀ ಒಂದು ಸಂಚಿಕೆಯನ್ನು ಅವರನ್ನೂ ಅವರ ಜನಾಂಗವನ್ನೂ ಹೀಯಾಳಿಸಲು ಮೀಸಲಿಟ್ಟಿತು. ವಿಶ್ವವಿದ್ಯಾಲಯದ ಅಧ್ಯಕ್ಷ ಲೋವೆಲ್ ಅವರು ಲಾಸ್ಕಿಯ ವಿಚಾರಗಳನ್ನು ಒಪ್ಪದಿದ್ದರೂ ಅವರನ್ನು ಬಿಟ್ಟುಕೊಡಲಿಲ್ಲ. ಆದರೂ 1920ರಲ್ಲಿ ಲಾಸ್ಕಿ ಸ್ವದೇಶಕ್ಕೆ ಮರಳಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1926ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು.

ಭಾರತೀಯರು ಮರೆಯಬಾರದ ಘಟನೆ 1924ರದು. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕಾಲದಲ್ಲಿ ಪಂಜಾಬನ್ನು ಆಳುತ್ತಿದ್ದ ಓಡ್ವಯರ್, ತನ್ನ ಆಡಳಿತವನ್ನು ಪುಸ್ತಕದಲ್ಲಿ ಖಂಡಿಸಿದ ಸರ್ ಶಂಕರನ್ ನಾಯರ್ ಮೇಲೆ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ್ದ. ಹನ್ನೆರಡು ಮಂದಿ ಜ್ಯೂರಿಗಳಲ್ಲಿ ಲಾಸ್ಕಿಯೂ ಒಬ್ಬರು. ಐದು ವಾರಗಳ ವಿಚಾರಣೆಯ ನಂತರ ಹನ್ನೊಂದು ಮಂದಿ ಓಡ್ವಯರ್ ಕಡೆ ನಿಂತರು. ನಾಯರ್ ಪರ ನಿಂತವರು ಲಾಸ್ಕಿ ಒಬ್ಬರೇ. ನಾಯರ್ ಸೋತು ಐದು ನೂರು ಪೌಂಡ್ ದಂಡ ತೆತ್ತರು. ಫಲಿತಾಂಶ ಬದಲಾಗಲಿಲ್ಲ, ನಿಜ. ಆದರೆ ಅಲ್ಪಮತಕ್ಕೂ ಬೆಲೆಯಿದೆ ಎಂದು ತರಗತಿಯಲ್ಲಿ ಹೇಳುವ ಮೇಷ್ಟ್ರು ಆ ಪಾಠವನ್ನು ತಾವೇ ಬದುಕಿ ತೋರಿಸಿದರು.

ಅವರಿಗೆ ಎಲ್ಲದರಲ್ಲೂ ಗೆಲುವು ಸಿಗಲಿಲ್ಲ. ಲೇಬರ್ ಪಕ್ಷದ ಅಧ್ಯಕ್ಷರಾಗಿದ್ದಾಗ, ತಾವು ಹಿಂಸೆಯನ್ನು ಬೆಂಬಲಿಸಿದೆವೆಂದು ಬರೆದ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಿ 1946ರಲ್ಲಿ ಸೋತರು. ಭಾರಿ ಖರ್ಚು ತಲೆಯ ಮೇಲೆ ಬಿತ್ತು. ಅಭಿಮಾನಿಗಳು ಚಂದಾ ಎತ್ತಿ ನೆರವಾದರು. ಪಾಠ ಮಾತ್ರ ನಿಲ್ಲಲಿಲ್ಲ.

ವಿ.ಕೆ. ಕೃಷ್ಣ ಮೆನನ್ ಅವರ ಶಿಷ್ಯರು. ಇನ್ನೊಬ್ಬರು ಕೇರಳದ ಉಳವೂರು ಎಂಬ ಹಳ್ಳಿಯ ಬಡ ದಲಿತ ಕುಟುಂಬದ ಹುಡುಗ. ಗದ್ದೆಯ ಬದುಗಳ ಮೇಲೆ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿ, ಫೀಸು ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದವನು. ಟಾಟಾ ವಿದ್ಯಾರ್ಥಿವೇತನದಿಂದ ಲಂಡನ್ನಿಗೆ ಹೋಗಿ ಲಾಸ್ಕಿಯವರ ಬಳಿ ಓದಿದ. ಊರಿಗೆ ಹೊರಟಾಗ ಗುರುಗಳು ನೆಹರೂ ಅವರಿಗೆ ಪರಿಚಯ ಪತ್ರ ಬರೆದುಕೊಟ್ಟರು. 1949ರಲ್ಲಿ ಆತ ವಿದೇಶಾಂಗ ಸೇವೆ ಸೇರಿದ.

ಮರುವರ್ಷ, 1950ರ ಮಾರ್ಚ್ 24ರಂದು, ಲಾಸ್ಕಿ ತೀರಿಕೊಂಡರು. ಆಗ ಅವರಿಗೆ ಐವತ್ತಾರು ವರ್ಷ. 1997ರ ಜುಲೈ 25ರಂದು ಅವರ ಆ ಶಿಷ್ಯ, ಕೆ.ಆರ್. ನಾರಾಯಣನ್, ಭಾರತದ ರಾಷ್ಟ್ರಪತಿಯಾದರು. ಅದನ್ನು ನೋಡಲು ಗುರುಗಳಿರಲಿಲ್ಲ. ನಮ್ಮ ಶಾಲೆಯಲ್ಲಿ ಪಾಠ ಹೇಳಿ ಹೋದ ಎಷ್ಟೋ ಮೇಷ್ಟ್ರುಗಳೂ ತಾವು ನೆಟ್ಟ ಸಸಿ ಮರವಾದದ್ದನ್ನು ನೋಡಲಿಲ್ಲ. ಅದರ ನೆರಳಿನಲ್ಲಿ ನಿಂತಿರುವ ನಾವು ಅವರನ್ನು ನೆನೆಯೋಣ.