ಡ್ರಾಕುಲಾ ಬರೆದ ಮ್ಯಾನೇಜರ್

ವ್ಯಾಂಪೈರ್ ಪ್ರೇಮಕಥೆಗಳನ್ನ ಓದೋರು ನಮ್ಮ ಕ್ಯಾಂಪಸ್ಸಲ್ಲಿ ಕಡಿಮೆ ಏನಿಲ್ಲ. ಭದ್ರಾವತಿಯಿಂದ ದಿನಾ ಬಸ್ಸಲ್ಲಿ ಬರೋರು ದಾರಿಯುದ್ದಕ್ಕೂ ಮೊಬೈಲಲ್ಲಿ ಓದ್ತಾರೆ. ಶಿವಮೊಗ್ಗದ ಪಿಜಿಗಳಲ್ಲಿ ಇರೋರು ರೂಮ್‌ಮೇಟ್ ಮಲಗಿದ ಮೇಲೆ ಓದ್ತಾರೆ. ಒಂದು ಭಾಗ ಮುಗಿದ್ರೆ ಇನ್ನೊಂದು, ಅದು ಮುಗಿದ್ರೆ ಮತ್ತೊಂದು. ಈ ಸರಣಿಗಳ ಬಗ್ಗೆ ಅಭಿಪ್ರಾಯ ಕೇಳಿದ್ರೆ ನಮ್ಮಲ್ಲೇ ಮೂರು ಬಣ. ಒಂದು ಬಣಕ್ಕೆ ಇದು ಅಪ್ಪಟ ಪ್ರೀತಿಯ ಕಥೆ. ಇನ್ನೊಂದು ಬಣದ ಪ್ರಕಾರ ಬಿಸಿಲಿಗೆ ಹೋದ್ರೆ ಸುಟ್ಟು ಬೂದಿಯಾಗೋದು ಬಿಟ್ಟು ಮಿರಮಿರ ಮಿಂಚೋದು ವ್ಯಾಂಪೈರೇ ಅಲ್ಲ. ಮೂರನೇ ಬಣದವರು ಓದೋದೇ ಇಲ್ಲ, ಇದೆಲ್ಲ ಸಾಹಿತ್ಯವೇ ಅಲ್ಲ ಅಂತ ತೀರ್ಪು ಕೊಟ್ಟು ಎದ್ದು ಹೋಗ್ತಾರೆ.

ಈ ಜಗಳ ಬಗೆಹರಿಸೋ ಉದ್ದೇಶ ನಮಗಿಲ್ಲ. ಆದ್ರೆ ಮೂರೂ ಬಣದವರು ಒಬ್ಬ ಮನುಷ್ಯನ ಬದುಕನ್ನ ತಿಳ್ಕೊಳ್ಳಲೇಬೇಕು ಅನ್ನಿಸಿ ಇದನ್ನ ಬರೀತಿದ್ದೇವೆ. ಆತ ಬ್ರಾಮ್ ಸ್ಟೋಕರ್. 'ಡ್ರಾಕುಲಾ' ಕಾದಂಬರಿ ಬರೆದವನು. ಕೌಂಟ್ ಡ್ರಾಕುಲಾನ ಹೆಸರು ಗೊತ್ತಿಲ್ಲದವರು ಪ್ರಪಂಚದಲ್ಲಿ ಕಡಿಮೆ. ಅವನನ್ನ ಹುಟ್ಟಿಸಿದವನ ಹೆಸರು ಹೇಳಿ ಅಂದ್ರೆ ಮಾತ್ರ ತಲೆ ಕೆರ್ಕೊಳ್ಳೋರೇ ಹೆಚ್ಚು.

ಸ್ಟೋಕರ್ ಹುಟ್ಟಿದ್ದು 1847ರ ನವೆಂಬರ್ 8ರಂದು, ಐರ್ಲೆಂಡಿನ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿದ್ದಿದ್ದ ವರ್ಷ ಅದು. ಏಳು ಮಕ್ಕಳಲ್ಲಿ ಇವನು ಮೂರನೆಯವನು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಏಳು ವರ್ಷ ತುಂಬುವ ತನಕ ಈ ಹುಡುಗ ಸರಿಯಾಗಿ ಎದ್ದು ನಡೆದವನಲ್ಲ. ಕಾಯಿಲೆ ಏನು ಅನ್ನೋದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಾಸಿಗೆ ಹಿಡಿದ ಮಗನ ಪಕ್ಕ ಕೂತು ಅಮ್ಮ ಷಾರ್ಲೆಟ್ ಕಥೆ ಹೇಳ್ತಿದ್ದಳು. ಅವು ರಾಜಕುಮಾರಿಯ ಕಥೆಗಳಲ್ಲ. 1832ರಲ್ಲಿ ಅವಳ ಊರು ಸ್ಲೈಗೋಗೆ ಕಾಲರಾ ಬಂದಾಗ ಊರೇ ಹೇಗೆ ಖಾಲಿಯಾಯ್ತು, ಪ್ರಾಣ ಹೋಗುವ ಮೊದಲೇ ಜನರನ್ನ ಹೇಗೆ ಹೂಳ್ತಿದ್ದರು ಅನ್ನೋ ಕಣ್ಣಾರೆ ಕಂಡ ಕಥೆಗಳು. ಸತ್ತವರು ಪೂರ್ತಿ ಸತ್ತಿರದೆ ಇರಬಹುದು ಅನ್ನೋ ಭಯ ಆ ಮಗುವಿನ ತಲೆಯೊಳಗೆ ಹೊಕ್ಕಿದ್ದು ಅಲ್ಲೇ ಇರಬೇಕು.

ಮುಂದೆ ಅದೇ ಹುಡುಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಒಳ್ಳೆಯ ಕ್ರೀಡಾಪಟು ಆದ. ಚರ್ಚಾಕೂಟ, ಸಂಘ ಅಂತ ಓಡಾಡಿಕೊಂಡಿದ್ದ. ನಮ್ಮ ಹಾಗೇ ಅನ್ನಿ. ಓದು ಮುಗಿಸಿ ಅಪ್ಪನ ದಾರಿಯಲ್ಲೇ ಡಬ್ಲಿನ್ ಕ್ಯಾಸಲ್‌ನಲ್ಲಿ ಸರ್ಕಾರಿ ಗುಮಾಸ್ತನಾದ. ಅವನ ಮೊದಮೊದಲ ಪುಸ್ತಕಗಳಲ್ಲೊಂದು 1879ರಲ್ಲಿ ಬಂತು. ಅದು ಐರ್ಲೆಂಡಿನ ಕೆಳಹಂತದ ಕೋರ್ಟುಗಳ ಗುಮಾಸ್ತರ ಕರ್ತವ್ಯಗಳ ಕೈಪಿಡಿ! ಲ್ಯಾಬ್ ಮ್ಯಾನ್ಯುಯಲ್ ಬರೆದವರೇ ಮುಂದೆ ಪ್ರಪಂಚವನ್ನ ಬೆಚ್ಚಿಬೀಳಿಸೋ ಕಥೆ ಬರೀತಾರೆ ಅಂದ್ರೆ ನಂಬ್ತೀರಾ? ಸ್ಟೋಕರ್ ವಿಷಯದಲ್ಲಿ ಹೆಚ್ಚುಕಡಿಮೆ ಆಗಿದ್ದು ಅದೇ.

ಹಗಲು ಕಚೇರಿ, ಸಂಜೆ ನಾಟಕ. ಒಂದು ಪತ್ರಿಕೆಗೆ ಸಂಬಳವಿಲ್ಲದೆ ನಾಟಕ ವಿಮರ್ಶೆ ಬರೀತಿದ್ದ. 1876ರಲ್ಲಿ ಹೆನ್ರಿ ಇರ್ವಿಂಗ್ ಅನ್ನೋ ದೊಡ್ಡ ನಟನ ಹ್ಯಾಮ್ಲೆಟ್ ಪಾತ್ರದ ಬಗ್ಗೆ ಬರೆದ ವಿಮರ್ಶೆ ಆ ನಟನಿಗೆ ಹಿಡಿಸಿ ಸ್ನೇಹ ಬೆಳೀತು. ಎರಡು ವರ್ಷದಲ್ಲಿ ಸ್ಟೋಕರ್ ಸರ್ಕಾರಿ ನೌಕರಿಗೆ ರಾಜೀನಾಮೆ ಬಿಸಾಕಿದ. ಫ್ಲಾರೆನ್ಸ್ ಬಾಲ್ಕಂಬ್‌ಳನ್ನ ಮದುವೆಯಾದ. ಈಕೆಯನ್ನ ಮೊದಲು ಪ್ರೀತಿಸಿದ್ದವನು ಬರಹಗಾರ ಆಸ್ಕರ್ ವೈಲ್ಡ್. ಮದುವೆಯಾದ ಕೂಡಲೇ ಹೆಂಡತಿ ಜೊತೆ ಲಂಡನ್ನಿಗೆ ಹೋಗಿ ಇರ್ವಿಂಗನ ಲೈಸಿಯಂ ಥಿಯೇಟರಿನ ಮ್ಯಾನೇಜರ್ ಆದ. ಆಗ ಅವನಿಗೆ 31 ವರ್ಷ. ಮುಂದಿನ 27 ವರ್ಷ ಇರ್ವಿಂಗನೇ ಅವನ ಪ್ರಪಂಚ.

ಕುವೆಂಪು ರಂಗಮಂದಿರದಲ್ಲಿ ನಾಟಕ ನೋಡುವಾಗ ನಾವು ಚಪ್ಪಾಳೆ ತಟ್ಟೋದು ಬೆಳಕಲ್ಲಿ ನಿಂತವರಿಗೆ. ಟಿಕೆಟ್ ಲೆಕ್ಕ, ಪತ್ರ ವ್ಯವಹಾರ, ಕಲಾವಿದರ ಸಂಬಳ, ಅತಿಥಿಗಳ ಊಟ ನೋಡ್ಕೊಳ್ಳೋನು ಎಲ್ಲೋ ಬಾಗಿಲ ಹತ್ರ ನಿಂತಿರ್ತಾನೆ. ಸ್ಟೋಕರ್ ಆ ಮನುಷ್ಯ. ಇರ್ವಿಂಗ್ ಪರವಾಗಿ ದಿನಾ ರಾಶಿ ರಾಶಿ ಪತ್ರ ಬರೀತಿದ್ದ. 1883ರಿಂದ ಶುರುಮಾಡಿ ಎಂಟು ಸಲ ಇಡೀ ಕಂಪನಿಯನ್ನ, ಪರದೆ ಸಾಮಾನುಗಳ ಸಮೇತ, ಹಡಗು ಹತ್ತಿಸಿ ಅಮೆರಿಕಾಕ್ಕೆ ಕರ್ಕೊಂಡು ಹೋಗಿ ಬಂದ. ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಅದೇ ಕಾಲದಲ್ಲಿ. ಕಂಪನಿ ನಾಟಕದವರ ಕಷ್ಟಸುಖ ಎಲ್ಲ ಕಡೆಯೂ ಒಂದೇ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಶಿಫ್ಟ್ ಮುಗಿಸಿ ಬಂದು ಬಣ್ಣ ಹಚ್ಚಿದವರ ಕಥೆಗಳನ್ನ ಅಲ್ಲಿ ಮನೆಮನೆಯಲ್ಲೂ ಕೇಳಬಹುದು.

ಇನ್ನೊಂದು ಸಂಗತಿ. 1882ರಲ್ಲಿ ಥೇಮ್ಸ್ ನದಿಯಲ್ಲಿ ಹೋಗ್ತಿದ್ದ ಹಬೆದೋಣಿಯಿಂದ ಒಬ್ಬ ನೀರಿಗೆ ಹಾರಿದ. ಸ್ಟೋಕರ್ ಕೋಟು ಕಿತ್ತೆಸೆದು ಅವನ ಹಿಂದೆಯೇ ಧುಮುಕಿದ. ಆ ಮನುಷ್ಯ ಉಳಿಯಲಿಲ್ಲ. ಆದ್ರೆ ಈ ಸಾಹಸಕ್ಕೆ ಸ್ಟೋಕರನಿಗೆ ಕಂಚಿನ ಪದಕ ಸಿಕ್ತು. ಹಾಸಿಗೆಯಿಂದ ಏಳಲಾರದೆ ಇದ್ದ ಹುಡುಗ ಇವನೇ ಅಂತ ನೆನಪಿರಲಿ.

ಇಷ್ಟೆಲ್ಲದರ ನಡುವೆ ಬರವಣಿಗೆಗೆ ಸಮಯ? ರಜೆಯಲ್ಲಿ ಮಾತ್ರ. 1890ರ ಬೇಸಿಗೆ ರಜೆಗೆ ಸ್ಟೋಕರ್ ಸಂಸಾರ ಇಂಗ್ಲೆಂಡಿನ ಪೂರ್ವ ಕರಾವಳಿಯ ವಿಟ್ಬಿ ಊರಿಗೆ ಹೋಯ್ತು. ಗುಡ್ಡದ ಮೇಲೆ ಹಾಳುಬಿದ್ದ ಹಳೇ ಮಠ, ಅದಕ್ಕೆ 199 ಮೆಟ್ಟಿಲು, ಕೆಳಗೆ ಬಂದರು. ಅಲ್ಲಿನ ಲೈಬ್ರರಿಯಲ್ಲಿ ವಿಲಿಯಂ ವಿಲ್ಕಿನ್ಸನ್ ಅನ್ನೋನು 1820ರಲ್ಲಿ ಬರೆದ ಪುಸ್ತಕ ಕೈಗೆ ಸಿಕ್ತು. ಇವತ್ತಿನ ರುಮೇನಿಯಾ ಕಡೆಯ ಚರಿತ್ರೆ ಅದು. ಡ್ರಾಕುಲಾ ಅನ್ನೋ ಹೆಸರು ಸಿಕ್ಕಿದ್ದು ಅದರಲ್ಲೇ. ಅಲ್ಲಿಯ ತನಕ ತನ್ನ ಟಿಪ್ಪಣಿಯಲ್ಲಿ ಖಳನಾಯಕನಿಗೆ ಇಟ್ಟಿದ್ದ ಹೆಸರು ಕೌಂಟ್ ವ್ಯಾಂಪೈರ್. ನಮ್ಮ ಹೀರೋಗೆ ಹೀರೋ ಅಂತಲೇ ಹೆಸರಿಟ್ಟ ಹಾಗೆ! ಬಂದರಿನವರು 1885ರಲ್ಲಿ ಅಲ್ಲಿ ದಡಕ್ಕೆ ಬಡಿದ ರಷ್ಯಾದ ಹಡಗಿನ ವಿಷಯ ಹೇಳಿದರು. ಅದರ ಹೆಸರು ಡಿಮಿಟ್ರಿ, ಹೊರಟ ಊರು ನಾರ್ವಾ. ಕಾದಂಬರಿಯಲ್ಲಿ ಅದು ವಾರ್ನಾದಿಂದ ಹೊರಟ ಡಿಮೀಟರ್ ಆಯ್ತು.

ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನಿಸಬೇಕಾದ್ದು ಅವನ ತಯಾರಿಯನ್ನ. ಟ್ರಾನ್ಸಿಲ್ವೇನಿಯಾಕ್ಕೆ ಅವನು ಒಂದು ದಿನವೂ ಹೋದವನಲ್ಲ. ಎಲ್ಲ ಪುಸ್ತಕ, ನಕಾಶೆ, ರೈಲ್ವೆ ಟೈಮ್‌ಟೇಬಲ್‌ಗಳಿಂದ ಕಟ್ಟಿದ್ದು. ಯಾವ ದಿನ ಯಾರು ಎಲ್ಲಿದ್ದರು ಅನ್ನೋ ಕ್ಯಾಲೆಂಡರ್, ವಿಟ್ಬಿಯ ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳು, ವ್ಯಾಂಪೈರ್ ಏನು ಮಾಡಬಲ್ಲದು ಏನು ಮಾಡಲಾರದು ಅನ್ನೋ ಪಟ್ಟಿ, ಎಲ್ಲವನ್ನೂ ಬರೆದಿಟ್ಟುಕೊಂಡಿದ್ದ. ಕೋಡ್ ಬರೆಯೋ ಮೊದಲು ರಿಕ್ವೈರ್‌ಮೆಂಟ್ ಬರ್ಕೊಳ್ಳಿ ಅಂತ ನಮಗೆ ಹೇಳ್ತಾರಲ್ಲ, ಅದೇ. ಈ ಕೆಲಸಕ್ಕೆ ಹಿಡಿದದ್ದು ಏಳು ವರ್ಷ.

ಕಾದಂಬರಿಯ ತುಂಬ ಆ ಕಾಲದ ಹೊಸ ಟೆಕ್ನಾಲಜಿ ಇದೆ. ಡಾಕ್ಟರ್ ಸೀವರ್ಡ್ ದಿನಚರಿಯನ್ನ ಫೋನೋಗ್ರಾಫಿನ ಮೇಣದ ಸಿಲಿಂಡರಿನಲ್ಲಿ ರೆಕಾರ್ಡ್ ಮಾಡ್ತಾನೆ. ಮೀನಾ ಶೀಘ್ರಲಿಪಿ ಕಲಿತವಳು, ಟೈಪ್‌ರೈಟರ್ ಬಳಸ್ತಾಳೆ, ರೈಲಿನ ವೇಳಾಪಟ್ಟಿ ಬಾಯಿಪಾಠ. ಎಲ್ಲರ ಡೈರಿ, ಪತ್ರ, ಟೆಲಿಗ್ರಾಂಗಳನ್ನ ತಾರೀಖಿನ ಪ್ರಕಾರ ಜೋಡಿಸಿ ಟೈಪ್ ಮಾಡಿ ಪ್ರತಿಗಳನ್ನ ತೆಗೆಯೋಳು ಅವಳೇ. ಡ್ರಾಕುಲಾ ಬಂದು ದಾಖಲೆಗಳನ್ನೆಲ್ಲ ಬೆಂಕಿಗೆ ಹಾಕ್ತಾನೆ. ಆದ್ರೆ ತಿಜೋರಿಯಲ್ಲಿ ಇನ್ನೊಂದು ಪ್ರತಿ ಇರುತ್ತೆ. ಪ್ರಾಜೆಕ್ಟ್ ರಿಪೋರ್ಟಿನ ಬ್ಯಾಕಪ್ ಇಟ್ಕೊಳ್ಳದೆ ಒದ್ದಾಡೋರು ಮೀನಾಳಿಂದ ಕಲಿಯೋದಿದೆ. ಲೂಸಿಗೆ ನಾಲ್ಕು ಜನ ಗಂಡಸರ ರಕ್ತ ಕೊಡ್ತಾರೆ, ಗುಂಪು ನೋಡದೇ. ರಕ್ತದ ಗುಂಪುಗಳನ್ನ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದೇ 1901ರಲ್ಲಿ, ಅಂದ್ರೆ ಪುಸ್ತಕ ಬಂದು ನಾಲ್ಕು ವರ್ಷದ ನಂತರ.

ಇದರಲ್ಲಿ ನಮ್ಮ ಕಡೆಯ ನೆರಳೂ ಉಂಟು. ವಿಕ್ರಮ–ಬೇತಾಳದ ಕಥೆಗಳನ್ನ 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್‌ನ ಪರಿಚಯ ಸ್ಟೋಕರನಿಗಿತ್ತು. ಆ ಪುಸ್ತಕದ ಹೆಸರಲ್ಲಿ ನಮ್ಮ ಬೇತಾಳ ವ್ಯಾಂಪೈರ್ ಆಗಿದ್ದಾನೆ. ಕೊನೆಗೆ ಡ್ರಾಕುಲಾನ ಕುತ್ತಿಗೆ ಕತ್ತರಿಸೋದು ಒಂದು ಕುಕ್ರಿ, ಗೂರ್ಖಾಗಳ ಕತ್ತಿ. ಮನೆಯವರು ಕರೆಯದೆ ಡ್ರಾಕುಲಾ ಹೊಸ್ತಿಲು ದಾಟಲಾರ ಅನ್ನೋ ನಿಯಮವಂತೂ ನಮಗೆ ಹೊಸದಲ್ಲ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನ ವಾಪಸ್ ಕಳಿಸಿದ ನಾಡು ನಮ್ಮದು.

1897ರ ಮೇ 18ರಂದು ಲೈಸಿಯಂನಲ್ಲಿ ಕಾದಂಬರಿಯನ್ನ ನಾಟಕದ ರೂಪದಲ್ಲಿ ಓದಿಸಿದ. ರಂಗದ ಹಕ್ಕು ಉಳಿಸಿಕೊಳ್ಳೋಕೆ ಮಾಡಿದ ಶಾಸ್ತ್ರ ಅದು. ನೋಡೋಕೆ ಬಂದವರು ಬೆರಳೆಣಿಕೆ. ಇರ್ವಿಂಗ್ ಡ್ರಾಕುಲಾನ ಪಾತ್ರ ಮಾಡಲಿ ಅನ್ನೋ ಆಸೆ ಸ್ಟೋಕರನಿಗೆ ಇತ್ತು ಅಂತಾರೆ. ಇರ್ವಿಂಗ್ ಯಾವತ್ತೂ ಮಾಡಲಿಲ್ಲ. ಅದೇ ತಿಂಗಳ ಕೊನೆಗೆ ಹಳದಿ ರಟ್ಟಿನ ಪುಸ್ತಕ ಹೊರಬಂತು, ಬೆಲೆ ಆರು ಶಿಲಿಂಗ್. 'ಸಾಯದ ಸತ್ತವರು' ಅನ್ನೋ ಅರ್ಥದ ಹೆಸರನ್ನ ಕೊನೇ ಗಳಿಗೆಯಲ್ಲಿ ಬದಲಿಸಿ 'ಡ್ರಾಕುಲಾ' ಅಂತ ಇಟ್ಟಿದ್ದರು.

ಆಗಿನ ಓದುಗರ ಅಭಿಪ್ರಾಯವೂ ನಮ್ಮ ಹಾಗೇ ಹರಿದು ಹಂಚಿತ್ತು. ಕೆಲವು ಪತ್ರಿಕೆಗಳು ಹೊಗಳಿದವು. ಇನ್ನು ಕೆಲವು ಇದನ್ನ ಬರೀ ಹೆದರಿಸೋ ಸರಕು ಅಂದವು. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಕಾನನ್ ಡಾಯ್ಲ್ ಮೆಚ್ಚಿ ಪತ್ರ ಬರೆದ. ಅಮ್ಮ ಷಾರ್ಲೆಟ್ ಇದನ್ನ 'ಫ್ರಾಂಕನ್‌ಸ್ಟೈನ್' ಪಕ್ಕಕ್ಕೆ ಇಟ್ಟು ಹೆಮ್ಮೆಪಟ್ಟಳು. ಪುಸ್ತಕ ಮಾರಾಟ ಆಯ್ತು, ಆದ್ರೆ ಸ್ಟೋಕರ್ ಶ್ರೀಮಂತ ಆಗಲಿಲ್ಲ.

ಮುಂದೆ ಕಷ್ಟಗಳ ಸಾಲು. 1898ರಲ್ಲಿ ಕಂಪನಿಯ ಪರದೆಗಳ ಗೋದಾಮಿಗೆ ಬೆಂಕಿ ಬಿತ್ತು. 1905ರಲ್ಲಿ ಇರ್ವಿಂಗ್ ತೀರಿಕೊಂಡ. ಮರುವರ್ಷ ಸ್ಟೋಕರ್ ಎರಡು ಸಂಪುಟಗಳಲ್ಲಿ ಗೆಳೆಯನ ನೆನಪುಗಳನ್ನ ಬರೆದ. ಅಷ್ಟರಲ್ಲಿ ಪಾರ್ಶ್ವವಾಯು ಹೊಡೆದಿತ್ತು. 1911ರಲ್ಲಿ ಬಡ ಸಾಹಿತಿಗಳಿಗೆ ನೆರವು ಕೊಡೋ ನಿಧಿಗೆ ಅರ್ಜಿ ಹಾಕಿ ಸಹಾಯ ಪಡೆದ. 1912ರ ಏಪ್ರಿಲ್ 20ರಂದು, 64ನೇ ವಯಸ್ಸಿನಲ್ಲಿ ಸತ್ತ. ಟೈಟಾನಿಕ್ ಮುಳುಗಿ ಐದೇ ದಿನ ಆಗಿತ್ತು, ಪತ್ರಿಕೆಗಳ ತುಂಬ ಅದೇ ಸುದ್ದಿ. ಜನ ಅವನನ್ನ ನೆನೆದದ್ದು ಮುಖ್ಯವಾಗಿ ಇರ್ವಿಂಗನ ಮ್ಯಾನೇಜರ್ ಅಂತ. ಮರುವರ್ಷ ಏಳು ವರ್ಷದ ಆ ಟಿಪ್ಪಣಿಗಳು ಹರಾಜಿನಲ್ಲಿ ಎರಡು ಪೌಂಡ್ ಚಿಲ್ಲರೆಗೆ ಹೋದವು. ಈಗ ಅವು ಅಮೆರಿಕಾದ ಫಿಲಡೆಲ್ಫಿಯಾದ ಒಂದು ಮ್ಯೂಸಿಯಂನಲ್ಲಿ ಜೋಪಾನವಾಗಿವೆ.

1922ರಲ್ಲಿ ಜರ್ಮನಿಯವರು ಅನುಮತಿ ಕೇಳದೆ, ಹೆಸರುಗಳನ್ನ ಬದಲಿಸಿ 'ನೊಸ್ಫೆರಾಟು' ಸಿನಿಮಾ ತೆಗೆದರು. ವಿಧವೆ ಫ್ಲಾರೆನ್ಸ್ ಬಿಡಲಿಲ್ಲ, ಕೋರ್ಟಿಗೆ ಹೋದಳು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಿ ಅಂತ ತೀರ್ಪಾಯ್ತು. ಕಂಪನಿ ಅಷ್ಟರಲ್ಲಿ ದಿವಾಳಿ, ದುಡ್ಡು ಬರಲಿಲ್ಲ. ಕೆಲವು ಪ್ರತಿಗಳು ಮಾತ್ರ ಹೇಗೋ ಉಳಿದವು.

ಈಗ ಎರಡನೇ ಬಣದವರು ಕೇಳಿ. ಬಿಸಿಲಿಗೆ ವ್ಯಾಂಪೈರ್ ಸಾಯೋದು ಆ ಸಿನಿಮಾದ ಕೊಡುಗೆ. ಸ್ಟೋಕರನ ಡ್ರಾಕುಲಾ ಹಗಲಲ್ಲೇ ಲಂಡನ್ ಬೀದಿಯಲ್ಲಿ ಓಡಾಡ್ತಾನೆ, ಅವನ ಶಕ್ತಿ ಕುಗ್ಗಿರುತ್ತೆ ಅಷ್ಟೆ. ಹಾಗಾಗಿ ಸ್ಟೆಫನಿ ಮೆಯರ್ 2005ರಲ್ಲಿ 'ಟ್ವೈಲೈಟ್' ಬರೆದು ತನ್ನ ವ್ಯಾಂಪೈರನ್ನ ಬಿಸಿಲಲ್ಲಿ ಮಿಂಚಿಸಿದ್ದು ಮೂಲಕ್ಕೆ ಮಾಡಿದ ದ್ರೋಹ ಅನ್ನೋದು ನಿಲ್ಲಲ್ಲ. ಮೊದಲ ಬಣದವರಿಗೂ ಒಂದು ಮಾತು. ಪುಸ್ತಕದಲ್ಲಿ ಮೀನಾಗೂ ಡ್ರಾಕುಲಾಗೂ ಪ್ರೀತಿ ಇಲ್ಲವೇ ಇಲ್ಲ, ಇರೋದು ಬರೀ ಬಲಾತ್ಕಾರ. ಅವರಿಬ್ಬರ ಜನ್ಮಾಂತರದ ಪ್ರೇಮ 1992ರ ಕಪೋಲಾ ಸಿನಿಮಾದ್ದು. ಪ್ರತಿ ತಲೆಮಾರು ತನಗೆ ಬೇಕಾದ ವ್ಯಾಂಪೈರನ್ನ ತಾನೇ ಮಾಡ್ಕೊಂಡಿದೆ.

ಮೂರನೇ ಬಣಕ್ಕೆ ಸ್ಟೋಕರನ ಬದುಕೇ ಉತ್ತರ. ನಾಳೆ ಪ್ಲೇಸ್‌ಮೆಂಟ್ ಆಗಿ ನಾವೂ ಯಾರದೋ ಪತ್ರಗಳಿಗೆ ಉತ್ತರ ಬರೀತಾ ಕೂರೋರೇ. ಬರವಣಿಗೆ, ನಾಟಕ, ಹಾಡು ಎಲ್ಲ ಕಾಲೇಜಿಗೆ ಮುಗೀತು ಅಂತ ಈಗಲೇ ಅಂದ್ಕೊಂಡೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಪುಸ್ತಕ ಬಂದಾಗ ಸ್ಟೋಕರನಿಗೆ 49 ವರ್ಷ, ಕೈಯಲ್ಲಿ ಬಿಡುವಿಲ್ಲದ ಕೆಲಸ. ಅವನ ಹತ್ರ ಇದ್ದದ್ದು ರಜೆ ಮಾತ್ರ. ಅವನನ್ನ ಆಳಾಗಿ ಇಟ್ಕೊಂಡಿದ್ದ ಮಹಾನಟನನ್ನ ಈಗ ಜನ ನೆನೆಯೋದು ಹೆಚ್ಚಾಗಿ ಡ್ರಾಕುಲಾ ಬರೆದವನ ಯಜಮಾನ ಅಂತ.

ಕಾದಂಬರಿಯ ಹಕ್ಕುಸ್ವಾಮ್ಯ ಮುಗಿದು ದಶಕಗಳೇ ಆಗಿವೆ. ಇಂಗ್ಲಿಷ್ ಮೂಲ ಪುಕ್ಕಟೆ ಸಿಗುತ್ತೆ, ಕನ್ನಡಕ್ಕೆ ತರೋಕೆ ಯಾರ ಅಪ್ಪಣೆಯೂ ಬೇಡ. ಮೊದಲ ನಾಲ್ಕು ಅಧ್ಯಾಯ ಜೊನಾಥನ್‌ನ ಡೈರಿ, ಸೆಮಿಸ್ಟರ್ ರಜೆಗೆ ಸರಿಯಾದ ಅಳತೆ. ಯಾರು ಒಂದೊಂದು ಅಧ್ಯಾಯ ತಗೊಳ್ತೀರಿ? ಹೆಸರು ಕೊಡಿ.