ಇಬ್ನ್ ಸೀನಾ ಮತ್ತು ಗರ್ಭದ ಗುಟ್ಟು

ತಾಯಿಯ ಗರ್ಭದಲ್ಲಿ ಮನುಷ್ಯನು ಹೇಗೆ ರೂಪುಗೊಳ್ಳುತ್ತಾನೆ? ಹುಟ್ಟುವ ಶಿಶುವಿನಲ್ಲಿ ತಂದೆಯ ಪಾಲೆಷ್ಟು, ತಾಯಿಯ ಪಾಲೆಷ್ಟು? ಕಣ್ಣಿಗೆ ಗೋಚರಿಸದ ಈ ವಿಷಯವನ್ನು ಬರಿಯ ಬುದ್ಧಿಬಲದಿಂದ ಭೇದಿಸಲೆತ್ನಿಸಿದ ಪ್ರಾಚೀನರಲ್ಲಿ ಇಬ್ನ್ ಸೀನಾ ಪ್ರಮುಖನು. ಐರೋಪ್ಯರು ಅವಿಸೆನ್ನ ಎಂದು ಕರೆದು ಗೌರವಿಸಿದ ಮಹಾವೈದ್ಯನೀತ.

ಕ್ರಿ.ಶ. 980ರಲ್ಲಿ, ಈಗಿನ ಉಜ್ಬೆಕಿಸ್ತಾನಕ್ಕೆ ಸೇರಿದ ಬುಖಾರಾ ನಗರದ ಬಳಿಯ ಅಫ್ಶಾನಾ ಎಂಬ ಹಳ್ಳಿಯಲ್ಲಿ ಅವನು ಜನಿಸಿದನು. ತಂದೆ ಸಾಮಾನಿ ಅರಸರ ಅಧಿಕಾರಿ. ಹತ್ತು ವರ್ಷ ತುಂಬುವಷ್ಟರಲ್ಲಿ ಬಾಲಕನಿಗೆ ಕುರಾನ್ ಕಂಠಪಾಠವಾಗಿತ್ತು. ಭಾರತೀಯ ಗಣಿತ ಪದ್ಧತಿಯನ್ನು ಅವನು ಕಲಿತದ್ದು ಒಬ್ಬ ತರಕಾರಿ ವ್ಯಾಪಾರಿಯಿಂದ. ಅರಿಸ್ಟಾಟಲನ ತತ್ತ್ವಮೀಮಾಂಸೆಯನ್ನು ನಲವತ್ತು ಬಾರಿ ಓದಿದರೂ ಅದರ ಅರ್ಥ ಹೊಳೆಯಲಿಲ್ಲ. ಕೊನೆಗೆ ಪುಸ್ತಕದ ಸಂತೆಯಲ್ಲಿ ಮೂರು ದಿರ್ಹಮಿಗೆ ಕೊಂಡ ಅಲ್ ಫಾರಾಬಿಯ ವಿವರಣ ಗ್ರಂಥವೊಂದರಿಂದ ಮನಸ್ಸಿನ ಮಬ್ಬು ಹರಿಯಿತು. ಇನ್ನೂ ಹದಿಹರೆಯದಲ್ಲಿರುವಾಗಲೇ ಅರಸ ನೂಹ್ ಇಬ್ನ್ ಮನ್ಸೂರನ ಚಿಕಿತ್ಸೆಗೆ ಕರೆಬಂದು, ಅದರ ಫಲವಾಗಿ ಅರಮನೆಯ ಗ್ರಂಥಭಂಡಾರದ ಬಾಗಿಲು ಅವನಿಗೆ ತೆರೆಯಿತು.

ತಂದೆ ತೀರಿಕೊಂಡ ಮೇಲೆ ಅಲೆದಾಟದ ಬಾಳು. ಗುರ್ಗಾಂಜ್, ಜುರ್ಜಾನ್, ರಯ್ ಪಟ್ಟಣಗಳನ್ನು ಹಾದು ಹಮದಾನಿಗೆ ಬಂದು, ಅಲ್ಲಿನ ದೊರೆ ಶಮ್ಸುದ್ದೌಲನ ಉದರಶೂಲೆಯನ್ನು ವಾಸಿಮಾಡಿ ಮಂತ್ರಿಪದವಿಗೇರಿದನು. ಹಗಲು ರಾಜಕಾರ್ಯ, ರಾತ್ರಿ ಶಿಷ್ಯರಿಗೆ ಪಾಠ. ಸೈನಿಕರು ದಂಗೆಯೆದ್ದು ತಲೆ ಬೇಡಿದಾಗ ನಲವತ್ತು ದಿನ ತಲೆಮರೆಸಿಕೊಂಡನು. ಮುಂದೆ ಫರ್ದಜಾನ್ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆವಾಸ ಅನುಭವಿಸಿದನು. ಕೊನೆಗೆ ಸೂಫಿ ವೇಷದಲ್ಲಿ ಇಸ್ಫಹಾನಿಗೆ ಪಾರಾಗಿ ದೊರೆ ಅಲಾವುದ್ದೌಲನ ಆಶ್ರಯ ಪಡೆದನು. ಇಷ್ಟೆಲ್ಲ ಕೋಲಾಹಲಗಳ ನಡುವೆಯೇ ಐದು ಭಾಗಗಳ ವೈದ್ಯಗ್ರಂಥ 'ಕಾನೂನ್' ಮತ್ತು ಜ್ಞಾನಕೋಶದಂತಿರುವ 'ಶಿಫಾ' ಸಿದ್ಧವಾದವೆಂಬುದು ಸೋಜಿಗದ ಸಂಗತಿ. ಪ್ರಾಣಿಗಳ ಉತ್ಪತ್ತಿಯನ್ನು ಚರ್ಚಿಸುವ 'ಶಿಫಾ'ದ ಭಾಗವನ್ನಂತೂ ಅವನು ದಂಡಯಾತ್ರೆಯ ದಾರಿಯಲ್ಲಿ ಬರೆದು ಮುಗಿಸಿದನು.

ಈ ಚರ್ಚೆಗೆ ತೊಡಗಿದಾಗ ಅವನ ಮುಂದೆ ಮೂರು ಪ್ರಮಾಣಗಳಿದ್ದವು. ಮೊದಲನೆಯದು, ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದ ಧರ್ಮಗ್ರಂಥ. ಕುರಾನಿನ 23ನೆಯ ಅಧ್ಯಾಯವು ಗರ್ಭದ ಬೆಳವಣಿಗೆಯನ್ನು ಹಂತಹಂತವಾಗಿ ಹೇಳುತ್ತದೆ: ಮೊದಲು ನುತ್ಫಾ ಎಂಬ ಬಿಂದು, ಆಮೇಲೆ ಅಲಕಾ ಎಂಬ ಹೆಪ್ಪುಗಟ್ಟಿದ ಅಥವಾ ಅಂಟಿಕೊಂಡ ವಸ್ತು, ಅನಂತರ ಮುದ್ಗಾ ಎಂಬ ಅಗಿದಂತಿರುವ ಮಾಂಸದ ತುಣುಕು, ಬಳಿಕ ಎಲುಬು, ಎಲುಬಿಗೆ ಮಾಂಸದ ಹೊದಿಕೆ. ಇನ್ನುಳಿದ ಎರಡು ಪ್ರಮಾಣಗಳು ಗ್ರೀಕರವು. ಅವುಗಳಲ್ಲಿ ಪರಸ್ಪರ ವಿರೋಧ. ಪುರುಷನ ಬೀಜ ರೂಪವನ್ನು ಕೊಡುತ್ತದೆ, ಸ್ತ್ರೀಯ ರಕ್ತ ದ್ರವ್ಯವನ್ನಷ್ಟೇ ಒದಗಿಸುತ್ತದೆ ಎಂಬುದು ಅರಿಸ್ಟಾಟಲನ ಮತ. ಸ್ತ್ರೀಗೂ ಬೀಜವುಂಟು, ಇಬ್ಬರ ಬೀಜಗಳೂ ಕೂಡಿ ಶಿಶುವಾಗುತ್ತದೆ ಎಂಬುದು ವೈದ್ಯ ಗಾಲೆನನ ವಾದ.

ಇಬ್ನ್ ಸೀನಾ ಈ ವಿವಾದವನ್ನು ಧರ್ಮಗ್ರಂಥದ ಆಜ್ಞೆಯಿಂದ ತೀರ್ಮಾನಿಸಹೋಗಲಿಲ್ಲ. ಯುಕ್ತಿಯಿಂದಲೇ ತೂಗಿ ನೋಡಿದನು. ಸ್ತ್ರೀಯಲ್ಲಿಯೂ ದ್ರವವೊಂದಿದೆಯೆಂದು ಗಾಲೆನನಿಗೆ ಮಣಿದನು. ಆದರೆ ರೂಪಿಸುವ ಶಕ್ತಿ ಪುರುಷನದೇ ಎಂದು ಅರಿಸ್ಟಾಟಲನ ಪಕ್ಷದಲ್ಲಿ ನಿಂತನು. ಪುರುಷನ ಅಂಶ ಹೆಪ್ಪಿನಂತೆ, ಸ್ತ್ರೀಯ ಅಂಶ ಹಾಲಿನಂತೆ ಎಂಬುದು ಅವನ ಗ್ರಂಥದಲ್ಲಿ ಬರುವ ಹೋಲಿಕೆ. ಹೋಲಿಕೆ ಸೊಗಸಾದುದು; ಸಿದ್ಧಾಂತ ಮಾತ್ರ ತಪ್ಪಾದುದು. ತಾಯಿಯ ಪಾಲು ಅಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು.

1037ರಲ್ಲಿ, ಯಾವ ಉದರಶೂಲೆಯನ್ನು ವಾಸಿಮಾಡಿ ಮಂತ್ರಿಯಾಗಿದ್ದನೋ ಅದೇ ವ್ಯಾಧಿಗೆ ತುತ್ತಾಗಿ ಅವನು ಹಮದಾನಿನಲ್ಲಿ ಕಣ್ಮುಚ್ಚಿದನು. ಚರ್ಚೆ ನಿಲ್ಲಲಿಲ್ಲ. ಮಗು ತಂದೆಯನ್ನಾಗಲಿ ತಾಯಿಯನ್ನಾಗಲಿ ಹೋಲುವುದು ಇಬ್ಬರ ದ್ರವಗಳಿಂದ ಎಂಬ ಅರ್ಥದ ಹದೀಸ್ ವಚನಗಳನ್ನು ಆಧರಿಸಿ, 14ನೆಯ ಶತಮಾನದ ಡಮಾಸ್ಕಸ್ಸಿನ ಧರ್ಮಪಂಡಿತ ಇಬ್ನ್ ಕಯ್ಯಿಮ್ ಸ್ತ್ರೀಬೀಜದ ಪಕ್ಷವನ್ನು ಎತ್ತಿಹಿಡಿದನು. ತತ್ತ್ವಜ್ಞಾನಿ ಎಡವಿದ ಎಡೆಯಲ್ಲಿ ಧರ್ಮಪಂಡಿತನು ಸತ್ಯಕ್ಕೆ ಒಂದು ಹೆಜ್ಜೆ ಹತ್ತಿರವಿದ್ದನು. ಆದರೂ ಇಬ್ಬರೂ ಆ ಬೀಜವನ್ನು ಕಂಡವರಲ್ಲ.

ಕಂಡದ್ದು ಸೂಕ್ಷ್ಮದರ್ಶಕ. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ವೀರ್ಯಾಣುಗಳನ್ನು ನೋಡಿದನು. ಸಸ್ತನಿಯ ಅಂಡಾಣುವನ್ನು ಫಾನ್ ಬೇಯರ್ ಗುರುತಿಸಲು 1827 ಬರಬೇಕಾಯಿತು. 1876ರಲ್ಲಿ ಆಸ್ಕರ್ ಹರ್ಟ್‌ವಿಗ್, ಕಡಲ ಜೀವಿಯೊಂದರ ಅಂಡದೊಳಗೆ ಗಂಡು ಹೆಣ್ಣು ಎರಡರ ಕೋಶಕೇಂದ್ರಗಳೂ ಒಂದಾಗುವುದನ್ನು ತೋರಿಸಿದನು. ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಭ್ರೂಣದಲ್ಲಿ ಎಲುಬು ಮೊದಲು, ಮಾಂಸ ಆಮೇಲೆ ಎಂಬ ಕ್ರಮವಿಲ್ಲ. ಎಲುಬಿನ ಮೊದಲ ರೂಪವಾದ ಮೃದ್ವಸ್ಥಿಯೂ ಸ್ನಾಯುವೂ ಹೆಚ್ಚುಕಡಿಮೆ ಒಟ್ಟಿಗೇ ಮೈದಳೆಯುತ್ತವೆ.

ಹಾಗೆಂದು ಧರ್ಮಗ್ರಂಥವನ್ನು ಹಳಿಯುವುದೂ ತರವಲ್ಲ, ಇಂದಿನ ವಿಜ್ಞಾನವನ್ನೆಲ್ಲ ಬಲವಂತದಿಂದ ಅದರೊಳಗೆ ತುರುಕುವುದೂ ತರವಲ್ಲ. ಹನಿಯೊಂದರಿಂದ ಬಂದವನು ನೀನು, ಬೀಗಬೇಡ ಎಂದು ಭಕ್ತನನ್ನು ಎಚ್ಚರಿಸುವುದು ಅದರ ಉದ್ದೇಶ. ಆ ಹನಿಯಲ್ಲಿ ಏನಿದೆಯೆಂದು ಕೇಳುವುದು ವೈದ್ಯನ ಕೆಲಸ. ಕುರಾನನ್ನು ಕಂಠಸ್ಥ ಮಾಡಿಕೊಂಡಿದ್ದ ಇಬ್ನ್ ಸೀನಾ ಈ ಎರಡು ಕೆಲಸಗಳನ್ನು ಒಂದರೊಳಗೊಂದು ಬೆರೆಸಲಿಲ್ಲ. ಅವನ ಉತ್ತರ ಬಿದ್ದುಹೋಯಿತು; ಕೇಳಿದ ಬಗೆ ಮಾತ್ರ ಉಳಿಯಿತು.