ಡಾ. ವಸಂತ ರಾಮಜಿ ಖಾನೋಲ್ಕರ್

ಕ್ಯಾನ್ಸರ್ ಎಂದೊಡನೆ ಶಸ್ತ್ರವೈದ್ಯರ ಕತ್ತಿಯೂ ರೇಡಿಯಮ್ಮೂ ನಮ್ಮ ಕಣ್ಣ ಮುಂದೆ ಬರುತ್ತವೆ. ಸೂಕ್ಷ್ಮದರ್ಶಕದ ಮೇಲೆ ಬಾಗಿ ಕುಳಿತು, ಈ ರೋಗ ನಮ್ಮ ಜನರ ಬಾಯಿಗೇ ಏಕೆ ಹತ್ತಿತೆಂದು ವಿಚಾರಿಸಿದವರು ನೆನಪಾಗುವುದು ಕಡಿಮೆ. ಅಂಥವರಲ್ಲಿ ಅಗ್ರಗಣ್ಯರು ಡಾ. ಖಾನೋಲ್ಕರ್.

1895ರಲ್ಲಿ ಜನಿಸಿದ ಇವರು 1923ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿಯನ್ನು ರೋಗನಿದಾನಶಾಸ್ತ್ರದಲ್ಲಿ ಪಡೆದರು. ಮರಳಿ ಬಂದು ಮುಂಬಯಿಯ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಧ್ಯಾಪಕರಾದರು. 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಾಗ ಅದರ ಪ್ರಯೋಗಶಾಲೆಗಳ ಹೊಣೆ ಇವರ ಹೆಗಲಿಗೆ ಬಂತು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿಯೇ ಇತ್ತೆಂಬುದನ್ನು ವಾಚಕರು ಮರೆಯಬಾರದು.

1944ರಲ್ಲಿ ಅವರು ಸಾಲಾಗಿ ಬಂದ ಒಂದು ಸಾವಿರ ಬಾಯಿ ಕ್ಯಾನ್ಸರ್ ರೋಗಿಗಳ ಪರಿಶೀಲನೆಯನ್ನು ಪ್ರಕಟಿಸಿದರು. ಮುಂದೆ ಸಂಘವಿ ಮತ್ತು ರಾವ್ ಅವರೊಡನೆ ಕೂಡಿ 1955ರಲ್ಲಿ ಹೊರತಂದ ಲೇಖನದಲ್ಲಿ ವಿಷಯ ಇನ್ನೂ ಸ್ಪಷ್ಟವಾಯಿತು: ತಂಬಾಕು ಅಗಿಯುವವರಿಗೆ ಬಾಯಿಯ ಮುಂಭಾಗದಲ್ಲಿಯೂ, ಬೀಡಿ ಸೇದುವವರಿಗೆ ನಾಲಗೆಯ ಬುಡ ಹಾಗೂ ಗಂಟಲಿನಲ್ಲಿಯೂ ರೋಗ ಹೆಚ್ಚು.

ನಮ್ಮ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಹಿರಿಯರು ಉಂಡೆದ್ದು ಸಂಚಿ ಬಿಚ್ಚಿ, ತಂಬಾಕಿಗೆ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ ದವಡೆಯ ಸಂದಿಗೆ ಇಡುವುದನ್ನು ನೋಡುತ್ತ ಬೆಳೆದವನು ನಾನು. ಎಡಗಡೆ ಇಡುವವರು ಎಡಗಡೆಯೇ ಇಡುತ್ತಾರೆ. ವರುಷಗಟ್ಟಲೆ ಜಾಗ ಬದಲಾಗದು. ನಮ್ಮ ದೊಡ್ಡಪ್ಪನಿಗೆ ಅದೇ ಜಾಗದಲ್ಲಿ ಹುಣ್ಣಾಯಿತು. ಬಾಯಿ ತೆರೆಯಲಾರದ ಸ್ಥಿತಿಗೆ ಬಂದ ಮೇಲೆ ಊರು ಬಿಟ್ಟು ಆಸ್ಪತ್ರೆಗೆ ಹೋದರು. ರಕ್ತ ಪರೀಕ್ಷೆ ಮಾಡಿದ್ದರೆ ಮೊದಲೇ ತಿಳಿಯುತ್ತಿರಲಿಲ್ಲವೇ ಎಂದು ಮನೆಯವರೆಲ್ಲ ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿಯೇ ನಾನು ಖಾನೋಲ್ಕರರ ಚರಿತ್ರೆಗೆ ಬಂದೆ.

ಅವರೂ ರಕ್ತವನ್ನು ನೋಡಿದವರೇ, ಆದರೆ ಬೇರೆ ಉದ್ದೇಶದಿಂದ. ಮುಂಬಯಿಯ ಆರು ಸಮಾಜಗಳ ಜನರಲ್ಲಿ ರಕ್ತದ ಗುಂಪು ಮೊದಲಾದ ವಂಶಪಾರಂಪರ್ಯ ಗುಣಗಳನ್ನು ಸಂಘವಿಯವರೊಡನೆ ಪರೀಕ್ಷಿಸಿ 1949ರಲ್ಲಿ ಪ್ರಕಟಿಸಿದರು. ರೋಗ ಹುಟ್ಟಿನಿಂದ ಬಂದದ್ದೋ ರೂಢಿಯಿಂದ ಬಂದದ್ದೋ ಎಂದು ಕೇಳುವವರು ಈ ಎರಡನ್ನೂ ಅಳೆಯಲೇಬೇಕಲ್ಲ!

ರಕ್ತದ ಪ್ರೋಟೀನಿನಿಂದ ಕ್ಯಾನ್ಸರಿನ ಸುಳಿವು ಹಿಡಿಯುವ ಆಸೆ ಬಲವಾದದ್ದು ಅವರ ಇಳಿವಯಸ್ಸಿನಲ್ಲಿ. 1963ರಲ್ಲಿ ಮಾಸ್ಕೋದ ಅಬೆಲೆವ್ ಅವರು ಯಕೃತ್ತಿನ ಗಡ್ಡೆಯಿದ್ದ ಇಲಿಗಳಲ್ಲಿ ಭ್ರೂಣದ ಪ್ರೋಟೀನೊಂದನ್ನು ಕಂಡರು. 1965ರಲ್ಲಿ ಕೆನಡಾದ ಗೋಲ್ಡ್ ಮತ್ತು ಫ್ರೀಡ್‌ಮನ್ ಅವರು ಕರುಳಿನ ಕ್ಯಾನ್ಸರಿನಲ್ಲಿ ಇನ್ನೊಂದನ್ನು ಕಂಡರು. ಬಾಯಿಯ ಮಾತು ಅಷ್ಟು ಸುಲಭವಲ್ಲ. ಸಣ್ಣ ಗಡ್ಡೆಯಿಂದ ರಕ್ತಕ್ಕೆ ಇಳಿಯುವ ಪ್ರೋಟೀನು ತೀರ ಅತ್ಯಲ್ಪ. ಅಲ್ಬುಮಿನ್ನಿನ ರಾಶಿಯಲ್ಲಿ ಅದನ್ನು ಹುಡುಕುವುದು ಕಣಜದಲ್ಲಿ ಒಂದು ಸಾಸಿವೆ ಹುಡುಕಿದಂತೆ. ಹಾಪ್ಟೋಗ್ಲೋಬಿನ್ನಿನಂಥವು ಏರುವುದು ನಿಜ, ಆದರೆ ಬೇರೆ ಸೋಂಕು, ಉರಿಯೂತಗಳಿಗೂ ಅವು ಏರುತ್ತವೆ. ನಮ್ಮ ಕಡೆ ತಂಬಾಕು ತಿನ್ನುವವರಲ್ಲಿ ಒಸಡು ನೆಟ್ಟಗಿರುವವರು ಎಷ್ಟು ಮಂದಿ?

ಆದರೂ ಹುಡುಕಾಟ ನಿಂತಿಲ್ಲ. ಖಾನೋಲ್ಕರರು 1952ರಲ್ಲಿ ಕಟ್ಟಿದ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರವೇ ಬೆಳೆದು ಇಂದು ನವಿ ಮುಂಬಯಿಯ ಖಾರಘರದಲ್ಲಿದೆ. ಗಡ್ಡೆಯ ಪ್ರೋಟೀನಿಗಿಂತ, ಅದಕ್ಕೆ ಇದಿರಾಗಿ ದೇಹವು ತಾನೇ ಹೆಣೆಯುವ ಪ್ರತಿಕಾಯಗಳನ್ನು ಹಿಡಿಯುವುದು ಮೇಲೆಂದು ಅಲ್ಲಿನ ಸಂಶೋಧಕರು ಕೆನ್ನೆ-ಒಸಡಿನ ಕ್ಯಾನ್ಸರ್ ರೋಗಿಗಳ ರಕ್ತವನ್ನು ಶೋಧಿಸಿದರು. ಆಲ್ಫಾ ಎನೋಲೇಸ್ ಎಂಬ ಪ್ರೋಟೀನಿಗೆ ಪ್ರತಿಕಾಯಗಳಿರುವುದು ಕಂಡುಬಂತು. ನನ್ನ ಬುದ್ಧಿಗೆ ಇದು ಬಹಳ ಜಾಣ ದಾರಿಯೆನಿಸುತ್ತದೆ. ಆದರೆ ಹಳ್ಳಿಯ ವೈದ್ಯರ ಕೈಗೆ ಕೊಡುವಂಥ ಪರೀಕ್ಷೆ ಅದರಿಂದ ಇನ್ನೂ ಬಂದಿಲ್ಲ. ಕೆನ್ನೆಯೊಳಗಿನ ಬಿಳಿಯ ಇಲ್ಲವೆ ಕೆಂಪು ಮಚ್ಚೆಯನ್ನು ಬೆಳಕಿನಲ್ಲಿ ನೋಡಿ, ಸಂಶಯ ಬಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡುವುದೇ ಈಗಲೂ ನಡೆದಿರುವ ಕ್ರಮ.

ಕುಷ್ಠರೋಗದ ಕ್ರಿಮಿ ನರಗಳನ್ನು ಹೊಗುವ ಬಗೆಯನ್ನೂ ಶೋಧಿಸಿದ ಈ ಮಹನೀಯರು 1960ರಿಂದ 1963ರವರೆಗೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಬಳಿಕ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾಗಿ ದುಡಿದು 1978ರಲ್ಲಿ ತೀರಿಕೊಂಡರು.